ಅಚ್ಚಿಗೆ ಕೊಟ್ಟ ನಗು

ಬ್ರಿಟನ್ನಿನ ಸಿನಿಮಾಗಳಲ್ಲಿ ಸುರಿಯುತ್ತಿದ್ದ ಮಳೆಗಳನ್ನೆಲ್ಲ ಕೂಡಿಸಿ ಒಂದೇ ಮಳೆ ಮಾಡಿದ್ದು ಯಾರ ಗಮನಕ್ಕೂ ಬರಲಿಲ್ಲ. ರೈಲು ನಿಲ್ದಾಣದಲ್ಲಿ ಸೈನಿಕನೊಬ್ಬ ನೆನೆಯುತ್ತ ನಿಂತಿದ್ದ ಕಪ್ಪುಬಿಳುಪು ಕಾಲದ ಮಳೆ, ಕಡಲತೀರದ ಊರಲ್ಲಿ ಮದುವೆ ಮುರಿದುಕೊಂಡ ಹುಡುಗಿಯ ತಲೆಯ ಮೇಲೆ ಬಿದ್ದ ಮಳೆ, ಕೊಲೆಗಾರನ ಕಾರಿನ ಗಾಜಿನ ಮೇಲೆ ಇಳಿದ ಮಳೆ, ಎಲ್ಲವೂ ಈಗ ಒಂದೇ ಮಳೆ. ಅದೇ ಹನಿ, ಗಾಜಿನ ಅದೇ ಮೂಲೆಯಲ್ಲಿ ಚೂರು ತಡವರಿಸಿ, ಅದೇ ದಾರಿ ಹಿಡಿದು ಕೆಳಗಿಳಿಯುತ್ತಿತ್ತು. ನೋಡಿದವರು ಕಣ್ಣೊರೆಸಿಕೊಂಡು ಚಹಾ ಕಾಸಲು ಎದ್ದರು.

ಮಳೆಯ ನಂತರ ಮಂಜು ಒಂದಾಯಿತು. ಆಮೇಲೆ ಕೆಂಪು ಬಸ್ಸು, ಇಟ್ಟಿಗೆಯ ಸಾಲುಮನೆ, ಪಬ್ಬಿನ ಬಾಗಿಲು, ಚರ್ಚಿನ ಗಂಟೆ. ಆಮೇಲೆ ಮನುಷ್ಯರ ಸರದಿ ಬಂತು.

ಸುಕೃತಾ ಹಂಚಿನಮನಿ ಕೆಲಸಕ್ಕಿದ್ದದ್ದು ಈ ಮನುಷ್ಯರ ವಿಭಾಗದಲ್ಲಿ. ಲಂಡನ್ನಿನ ಸೋಹೋದ ಓಣಿಯೊಂದರಲ್ಲಿ ಅವಳ ಕಚೇರಿ, ನೆಲಮಾಳಿಗೆಯಲ್ಲಿ. ಅವಳ ಹೆತ್ತವರು ಬೆಟಗೇರಿಯಿಂದ ಬಂದವರು. ಅವ್ವ ದಯಾವತಿ ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು ಇಲ್ಲಿನ ಆಸ್ಪತ್ರೆಗೆ ಸೇರಿದ್ದಳು. ಅಪ್ಪ ಸತ್ಯವೀರ ಲಂಡನ್ನಿನ ಬಸ್ಸಿಗೆ ಡ್ರೈವರಾದ. ಸುಕೃತಾ ಇನ್ನೂ ತೊದಲುತ್ತಿದ್ದಾಗಲೇ ಅವ್ವ ಜ್ವರವೊಂದರಲ್ಲಿ ಹೋಗಿಬಿಟ್ಟಳು. ಅಜ್ಜಿ ಊರಿಂದ ಬಂದು, ಕತೆ ಹೇಳಿ ಹೇಳಿಯೇ ಹುಡುಗಿಗೆ ತುತ್ತು ತಿನ್ನಿಸಿ ದೊಡ್ಡವಳನ್ನು ಮಾಡಿದಳು. ಹಾಗಾಗಿ ಅವಳು ಕೆಲಸ ಮಾಡುವ ಕಂಪನಿಗೆ ದೊಡ್ಡ ಹೆಸರೊಂದಿದ್ದರೂ ಸುಕೃತಾ ಮನಸ್ಸಿನೊಳಗೆ ಅದನ್ನು ಅಜ್ಜಿಯ ಕತೆಯ ರಕ್ಕಸ ಅಂತಲೇ ಕರೆಯುತ್ತಿದ್ದಳು.

ಕರೆಯಲು ಕಾರಣವಿತ್ತು. ಮೊದಲೆಲ್ಲ ಸಿನಿಮಾಗಳಿಗೆ ನೂರಾರು ಒಡೆಯರಿದ್ದರು. ಒಬ್ಬೊಬ್ಬರ ಚಿತ್ರ ಒಬ್ಬೊಬ್ಬರ ಉಗ್ರಾಣದಲ್ಲಿ ಬೀಗದೊಳಗೆ ಮಲಗಿರುತ್ತಿತ್ತು. ಇವನ ಚಿತ್ರದ ಮೋಡ ಅವನ ಚಿತ್ರದ ಮೇಲೆ ಹಾಯುವಂತಿರಲಿಲ್ಲ. ಕಂಪನಿ ಬಂದು ಮೊದಲು ಸ್ಟುಡಿಯೋಗಳನ್ನು ನುಂಗಿತು, ಆಮೇಲೆ ಹಳೆಯ ಚಿತ್ರಗಳನ್ನು, ಆಮೇಲೆ ಥಿಯೇಟರುಗಳನ್ನು, ಕೊನೆಗೆ ಮನೆಮನೆಯ ಟೀವಿಗೆ ಚಿತ್ರ ಹರಿದು ಬರುವ ದಾರಿಯನ್ನೂ. ಸುದ್ದಿ ಕೇಳಿದ ದಿನ ಅಪ್ಪ ನಕ್ಕಿದ್ದ.

"ಕಂಪನಿ ಸರ್ಕಾರ ನಮ್ಮ ಕಡೆ ಮುಗೀತು ಅಂತ ತಿಳಕೊಂಡಿದ್ವಿ. ಈಗ ಇವರ ಮನ್ಯಾಗ ಬಂದು ಕುಂತೈತಲ್ಲವಾ!"

ಒಡೆಯ ಒಬ್ಬನೇ ಆದ ಮೇಲೆ ಒಂದೇ ತರದ ವಸ್ತುವನ್ನು ಸಾವಿರ ಸಲ ಕೂಡಿಡುವುದು ಯಾಕೆ? ಚಿತ್ರಗಳನ್ನು ಹೊತ್ತ ಯಂತ್ರಗಳು ಹಗಲಿರುಳು ಬಿಸಿಯಾಗುತ್ತವೆ, ಅವನ್ನು ತಣ್ಣಗಿಡಲು ಹೊಳೆಯಷ್ಟು ನೀರು ಬೇಕು. ಅದಕ್ಕೇ 'ಹೊಂದಿಕೆ' ಎಂಬ ಯಂತ್ರವನ್ನು ಕಟ್ಟಿದರು. ಅದು ಎಲ್ಲ ಚಿತ್ರಗಳನ್ನೂ ನೋಡಿ, ಒಂದೇ ಬಗೆಯ ವಸ್ತುಗಳನ್ನು ಗುಂಪು ಮಾಡಿ, ಗುಂಪಿಗೊಂದನ್ನು ಅಚ್ಚಾಗಿ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಅಳಿಸಿಬಿಡುತ್ತಿತ್ತು. ಅಳಿಸಿದ ಜಾಗದಲ್ಲಿ ಬರೀ ಒಂದು ಸೂಚನೆ: ಇಲ್ಲಿ ಅದೇ ಮಳೆ, ಎಡಗಡೆಯಿಂದ, ಜೋರಾಗಿ. ನೋಡುವವರು ಚಿತ್ರ ಹಾಕಿದಾಗ ಆ ಸೂಚನೆಯಂತೆ ಎಲ್ಲವೂ ಹೊಸದಾಗಿ ಹುಟ್ಟುತ್ತಿತ್ತು. ಡಬ್ಬಿ ತುಂಬ ಚಕ್ಕುಲಿ ಯಾಕಿಡಬೇಕು, ಒರಳು ಒಂದಿದ್ದರೆ ಬೇಕಾದಾಗ ಒತ್ತಿಕೊಂಡರಾಯಿತಲ್ಲ ಎಂದ ಹಾಗೆ.

ಮನುಷ್ಯರ ವಿಷಯದಲ್ಲಿ ಮಾತ್ರ ನಟರ ಸಂಘದವರು ಬೀದಿಗಿಳಿದು ಕೂಗಾಡಿದ್ದರಿಂದ ಸರ್ಕಾರ ಒಂದು ಕಾನೂನು ಮಾಡಿತ್ತು. ಹೆಸರಾಂತ ನಟರನ್ನು ಮುಟ್ಟುವಂತಿಲ್ಲ. ಗುಂಪಿನಲ್ಲಿ ನಿಂತವರನ್ನು, ಸಣ್ಣಪುಟ್ಟ ಪಾತ್ರದವರನ್ನು ಒಂದು ಮಾಡಬಹುದು. ಆದರೆ ಅಚ್ಚು ಎಂದೋ ಇದ್ದ, ಇಲ್ಲವೇ ಈಗ ಇರುವ ಮನುಷ್ಯರದ್ದೇ ಆಗಬೇಕು, ಅದನ್ನು ಆರಿಸಿ ಗುಂಡಿ ಒತ್ತುವ ಬೆರಳೂ ಮನುಷ್ಯರದ್ದೇ ಆಗಬೇಕು. ಆ ಬೆರಳಿಗೇ ಸುಕೃತಾಳಿಗೆ ಸಂಬಳ. ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ ಮುಖಗಳನ್ನು ಆರಿಸುವುದು. ವ್ಯತ್ಯಾಸ ಇಷ್ಟೇ, ಇಲ್ಲಿ ಒಂದು ಕಾಳು ಇಟ್ಟುಕೊಂಡು ಮೊರವನ್ನೆಲ್ಲ ಚೆಲ್ಲಬೇಕು.

ಆ ಕೋಣೆಯಲ್ಲಿ ಎಲ್ಲೂ ಬರೆದಿಡದ ಕಟ್ಟಳೆಯೊಂದಿತ್ತು. ಪರಿಚಯದ ಮುಖ ಬಂದರೆ ಗುಂಪನ್ನು ಪಕ್ಕದವರಿಗೆ ದಾಟಿಸಬೇಕು. ಕೆಲಸಕ್ಕೆ ಸೇರಿದ ದಿನವೇ ಪಕ್ಕದ ಕುರ್ಚಿಯ ಡೆಲ್ರಾಯ್ ಹೇಳಿದ್ದ. ಅವನು ಜಮೈಕಾದಿಂದ ಬಂದವರ ಮೊಮ್ಮಗ, ಕೋಣೆಗೆಲ್ಲ ಹಿರಿಯ.

"ಯಾಕೆ ಅಂತ ಕೇಳಬೇಡ ಸುಕೀ. ನಮ್ಮ ತಾತ ಒಂದು ಚಿತ್ರದಲ್ಲಿ ಹಡಗಿಂದ ಪೆಟ್ಟಿಗೆ ಇಳಿಸ್ತಾರೆ. ಆ ಗುಂಪು ನನ್ನ ಮುಂದೆ ಬಂದಾಗ ನಾನು ಎದ್ದು ಹೊರಗೆ ಹೋದೆ. ಯಾರೋ ಒತ್ತಿದ್ರು. ತಾತ ಉಳಿದ್ರೋ ಹೋದ್ರೋ, ಇವತ್ತಿಗೂ ನಾನು ನೋಡಿಲ್ಲ."

ಸುಕೃತಾ ಆಗ ತಲೆಯಾಡಿಸಿದ್ದಳು. ತನ್ನ ಮುಂದೆ ಅಂಥದ್ದು ಬಂದೀತೆಂದು ಅವಳಿಗೆ ಹೊಳೆದಿರಲಿಲ್ಲ.

ಬಂತು. ಆ ದಿನ ಬೆಳಿಗ್ಗೆ ಪರದೆ ತುಂಬ ನಮ್ಮ ಕಡೆಯ ಹೆಂಗಸರು. ಸೀರೆಯುಟ್ಟವರು, ಸಲ್ವಾರ್ ತೊಟ್ಟವರು, ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡವರು. ಮಗುವಿನ ಗಾಡಿ ತಳ್ಳುವವರು, ಆಸ್ಪತ್ರೆಯ ಬಾಗಿಲಲ್ಲಿ ಅಳುವವರು, ಮದುವೆಮನೆಯಲ್ಲಿ ಹಿಂದೆ ನಿಂತವರು, ಯಾರದೋ ಜಗಳವನ್ನು ಕಿಟಕಿಯಿಂದ ನೋಡುವವರು. 'ಗುಂಪಿನಲ್ಲಿ ಭಾರತೀಯ ಹೆಂಗಸು' ಎಂದು ಹೊಂದಿಕೆ ತಲೆಬರಹ ಹಾಕಿತ್ತು. ಅವರೆಲ್ಲರ ನಡುವೆ, ಕೈಚೀಲದಲ್ಲಿ ಎಲೆಕೋಸು ಹಿಡಿದುಕೊಂಡು, ನರ್ಸಿನ ಬಟ್ಟೆಯ ಮೇಲೆ ಸ್ವೆಟರ್ ತೊಟ್ಟ ಅವ್ವ ತಿರುಗಿ ನೋಡಿ ನಕ್ಕಳು.

ಅವ್ವ ಉಸಿರಾಡುವುದನ್ನು, ಹೆಜ್ಜೆ ಇಡುವುದನ್ನು ತೋರಿಸುವ ಚಿತ್ರ ಈ ಭೂಮಿಯ ಮೇಲೆ ಅದೊಂದೇ. ಟೂಟಿಂಗ್ ಬಡಾವಣೆಯ ಅವರ ಬೀದಿಯಲ್ಲಿ ಯಾವುದೋ ಸಿನಿಮಾ ತೆಗೆಯುತ್ತಿದ್ದಾಗ, ಡ್ಯೂಟಿ ಮುಗಿಸಿ ತರಕಾರಿ ಕೊಂಡು ಬರುತ್ತಿದ್ದ ಅವಳನ್ನು 'ಸುಮ್ಮನೆ ನಡೆದುಕೊಂಡು ಹೋಗಿ' ಎಂದಿದ್ದರಂತೆ. ಅದೇ ಹೊತ್ತಿಗೆ ಅಪ್ಪನ ಬಸ್ಸು ಆ ದಾರಿಯಲ್ಲಿ ಬಂತು. ಅವನು ಹೆಂಡತಿಯನ್ನು ಕಂಡು ಹಾರ್ನ್ ಒತ್ತಿದ. ಅವಳು ತಿರುಗಿ ನಕ್ಕಳು. ಕ್ಯಾಮೆರಾದ ಚೌಕಟ್ಟಿನಲ್ಲಿ ಬಸ್ಸಿಲ್ಲ, ಗಂಡನಿಲ್ಲ. ನಗು ಮಾತ್ರ ಉಳಿಯಿತು, ಎರಡು ಉಸಿರಿನಷ್ಟು ಹೊತ್ತು. ಆ ಸಿನಿಮಾದ ಕ್ಯಾಸೆಟ್ಟನ್ನು ಅಪ್ಪ ಬೈಬಲ್ಲಿನ ಪಕ್ಕದಲ್ಲಿಟ್ಟುಕೊಂಡಿದ್ದ. ಹಳೆಯ ಕ್ಯಾಸೆಟ್ಟು, ಡಿಸ್ಕು ಕೊಟ್ಟವರಿಗೆ ಜೀವಮಾನವಿಡೀ ಉಚಿತವಾಗಿ ಚಿತ್ರ ತೋರಿಸುತ್ತೇವೆ ಎಂದು ಕಂಪನಿ ಸಾರಿದಾಗ ಅವನೂ ಕೊಟ್ಟುಬಂದ. "ಹಳೇ ಸೀರಿ ಕೊಟ್ಟು ಸ್ಟೀಲಿನ ಡಬ್ಬಿ ತಗೊಂಡಂಗ ಆತವಾ" ಎಂದು ಹಿಗ್ಗಿದ್ದ.

ಗುಂಪನ್ನು ದಾಟಿಸಬೇಕಿತ್ತು. ಡೆಲ್ರಾಯ್ ಅಲ್ಲೇ ಕೈಯಳತೆಯಲ್ಲಿ ಕೂತು ಸೇಬು ತಿನ್ನುತ್ತಿದ್ದ. ದಾಟಿಸಿದರೆ ಅವನು ಇನ್ಯಾರನ್ನೋ ಉಳಿಸುತ್ತಾನೆ, ಅವ್ವ ಎರಡನೇ ಸಲ ಸಾಯುತ್ತಾಳೆ. ಸುಕೃತಾಳ ಬೆರಳು ಅವ್ವನ ನಗುವಿನ ಮೇಲೆ ಬಿತ್ತು. ಮಿಕ್ಕ ಹೆಂಗಸರೆಲ್ಲ ಸೋಪಿನ ಗುಳ್ಳೆಗಳ ಹಾಗೆ ಒಡೆದುಹೋದರು.

"ಇಷ್ಟು ಬೇಗ?" ಎಂದ ಡೆಲ್ರಾಯ್.

"ಈಕೆ ಚೆನ್ನಾಗಿ ನಗ್ತಾಳೆ."

"ಗೊತ್ತಿರೋಳಾ?"

"ಇಲ್ಲ."

ಮೊದಮೊದಲು ಅದು ವರವೇ ಆಯಿತು. ಒಂದು ಸಂಜೆ ಅವಳು ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ನಿಂತಿದ್ದ. ಕೈಗೆಲ್ಲ ಜೋಳದ ಹಿಟ್ಟು, ಒಲೆಯ ಮೇಲೆ ರೊಟ್ಟಿ ಕರಕಾಗುತ್ತಿತ್ತು.

"ಏ ಸುಕ್ಕವ್ವಾ! ನಿಮ್ಮವ್ವ ಇನ್ನೊಂದು ಸಿನಿಮಾದಾಗೂ ಅದಾಳಲ್ಲ! ರೈಲ್ವೆ ಸ್ಟೇಷನ್ನಿನಾಗ ಟಿಕೆಟಿಗೆ ನಿಂತಾಳ. ಇದನ್ಯಾವಾಗ ತಗದ್ರು? ನನಗೊಂದು ಮಾತು ಹೇಳಿಲ್ಲಾಕಿ!"

ಸುಕೃತಾ ಒಲೆ ಆರಿಸಿ ಕರಕಾದ ರೊಟ್ಟಿ ತೆಗೆದಳು. ಅವನ ಕಣ್ಣಲ್ಲಿದ್ದ ಬೆಳಕನ್ನು ಕಂಡವರು ಯಾರೂ ನಿಜ ಹೇಳುತ್ತಿರಲಿಲ್ಲ. ಅಂದಿನಿಂದ ಅಪ್ಪ ಬೆಳಗಾಗುತ್ತಲೇ ಟೀವಿಯ ಮುಂದೆ ಕೂರತೊಡಗಿದ. ಇಂಗ್ಲಿಷ್ ಸಿನಿಮಾಗಳ ಕಾಡಿನಲ್ಲಿ ಹೆಂಡತಿಯನ್ನು ಹುಡುಕಿದ. ಗ್ರಂಥಾಲಯದಲ್ಲಿ ಸಿಕ್ಕಳು. ದೊಡ್ಡ ಮನೆಯೊಂದರಲ್ಲಿ ಪಾತ್ರೆ ತೊಳೆಯುತ್ತ ಸಿಕ್ಕಳು, "ಛೇ ಛೇ, ಮನ್ಯಾಗ ನಾನ ತೊಳೀತಿದ್ದೆ" ಎಂದು ಪೇಚಾಡಿದ. ಒಂದು ಚಿತ್ರದಲ್ಲಂತೂ ಆಕೆ ಪೊಲೀಸಿನವನೊಬ್ಬನ ಕಡೆ ತಿರುಗಿ ಅದೇ ನಗು ನಕ್ಕಳು. ಅಪ್ಪ ಅವತ್ತು ಊಟವನ್ನೇ ಮಾಡಲಿಲ್ಲ.

"ಅವಂಗ್ಯಾಕ ನಗತಾಳವಾ? ಆ ನಗು ನಂದು. ನಾ ಹಾರ್ನ್ ಹೊಡದದ್ದಕ್ಕ ನಕ್ಕಿದ್ದದು."

"ಅಪ್ಪಾ, ಬಿಡು. ಸಿನಿಮಾ ಅದು."

"ಸಿನಿಮಾ ಅಂತ ಗಂಡನ್ನ ಮರ್ತಬಿಡೂದೇನು?" ಎಂದವನು ಮುಖ ತಿರುಗಿಸಿದ, ಸೊಟ್ಟ ತುಟಿಯ ತುದಿಯಲ್ಲಿ ಒಂದಿಷ್ಟು ತಮಾಷೆಯೂ ಇತ್ತು.

ಪಕ್ಕದ ಮನೆಯ ಹರ್ಬನ್ಸ್ ಕೌರ್ ಬಾಗಿಲು ಬಡಿದದ್ದು ಅದೇ ವಾರ. ಸುಕೃತಾಳಿಗೆ ಚಿಕ್ಕಂದಿನಲ್ಲಿ ಜಡೆ ಹೆಣೆದ ಮುದುಕಿ. ಒಳಗೆ ಬಂದು ಕೂರಲಿಲ್ಲ, ಚಹಾ ಬೇಡವೆಂದಳು.

"ಬೇಟಾ, ನಾನು ಕುಣಿದ ಮದುವೆ ಸಿನಿಮಾ ಇದೆಯಲ್ಲ, ಬೈಸಾಖಿ ಹಬ್ಬಕ್ಕೆ ನಮ್ಮ ಮಕ್ಕಳು ಮೊಮ್ಮಕ್ಕಳೆಲ್ಲ ಕೂತು ನೋಡಿ ನನ್ನ ಆಡಿಕೊಳ್ತಾರಲ್ಲ, ನಿನ್ನೆ ಹಾಕಿದ್ವಿ. ನನ್ನ ಸಲ್ವಾರ್ ಇದೆ. ನನ್ನ ದುಪಟ್ಟಾ ಇದೆ. ಅದರೊಳಗೆ ನಿಮ್ಮಮ್ಮ ಇದ್ದಾಳೆ."

"ಆಂಟೀಜಿ..."

"ಚಿಕ್ಕ ಮೊಮ್ಮಗಳು ಕೇಳಿದ್ಲು, ಅಜ್ಜೀ, ಇಷ್ಟು ವರ್ಷ ನಮಗೆ ಸುಳ್ಳು ಹೇಳಿದ್ಯಾ ಅಂತ. ನಾನೇನು ಹೇಳಲಿ? ನೀನು ಆ ಆಫೀಸಲ್ಲೇ ಇರೋಳಲ್ಲವಾ? ನನ್ನ ಎಲ್ಲಿಟ್ಟಿದ್ದಾರೆ ಕೇಳು. ಮೂಲೆಯಲ್ಲಾದರೂ ಇಟ್ಟಿರ್ತಾರೆ. ತಂದು ಹಾಕಿಸು."

ಇಟ್ಟಿರಲಿಲ್ಲ. ಒಡೆದ ಗುಳ್ಳೆಗಳಲ್ಲಿ ಅವಳೂ ಒಬ್ಬಳು. ಪರದೆಯ ಮೇಲೆ ಕುಣಿಯುತ್ತಿದ್ದ ಮುಖಗಳಲ್ಲಿ ತನಗೆ ಜಡೆ ಹೆಣೆದವಳ ಮುಖವೂ ಇತ್ತೆಂಬುದನ್ನು ಸುಕೃತಾ ಆಗ ನೋಡಿರಲಿಲ್ಲ. ಅವ್ವನನ್ನು ಬಿಟ್ಟು ಇನ್ನಾರನ್ನೂ ನೋಡಿರಲಿಲ್ಲ. "ಕೇಳ್ತೀನಿ ಆಂಟೀಜಿ" ಎಂದಳು. ಮುದುಕಿ ಗೋಡೆ ಹಿಡಿದುಕೊಂಡು ಹೋದಳು.

ಆದರೂ ಅವಳು ಸುಮ್ಮನಿದ್ದಳು. ಭಾನುವಾರದ ಮಧ್ಯಾಹ್ನದವರೆಗೂ ಸುಮ್ಮನಿದ್ದಳು.

ಚರ್ಚಿನಿಂದ ಬಂದು ಅನ್ನಕ್ಕಿಟ್ಟಿದ್ದಳು ಅಷ್ಟೇ. ಒಳಗಿಂದ ಅಪ್ಪನ ಕೂಗು ಕೇಳಿತು. ಅಂಥ ಕೂಗನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಓಡಿಬಂದರೆ ಟೀವಿಯಲ್ಲಿ ಹಳೆಯ ಕಾಲದ ಲಂಡನ್ನು, ಬಹುಮಹಡಿ ಕಟ್ಟಡವೊಂದರ ಮೆಟ್ಟಿಲು. ತಲೆ ಬೋಳಿಸಿಕೊಂಡ ಬಿಳಿಯರ ಪಡ್ಡೆ ಹುಡುಗರು ಕೋಟು ತೊಟ್ಟ ಹೆಂಗಸೊಬ್ಬಳನ್ನು ಮೂಲೆಗೆ ಒತ್ತಿದ್ದರು. ಅವಳ ಚೀಲದಿಂದ ತರಕಾರಿ ಉರುಳಿ ಮೆಟ್ಟಿಲಿಳಿಯುತ್ತಿತ್ತು. ಬೂಟು ಅವಳ ಮುಖದ ಮೇಲೆ ಬಿತ್ತು. ಆ ಮುಖ ಅವ್ವನದು.

"ಬಿಡ್ರಲೇ! ಬಿಡ್ರೋ ಆಕಿನ್ನ! ನರ್ಸಮ್ಮ ಅದಾಳಲೇ ಆಕಿ, ನಿಮ್ಮ ತಾಯಂದಿರ ಬಾಣಂತನ ಮಾಡಿದಾಕಿ!" ಅಪ್ಪ ಟೀವಿಯ ಗಾಜಿಗೆ ಅಂಗೈ ಹೊಡೆಯುತ್ತಿದ್ದ. ಯಾರೂ ಬಿಡಲಿಲ್ಲ. ಆಗ ಆ ಮುದುಕ ತುಟಿ ಕೂಡಿಸಿ ಬಸ್ಸಿನ ಹಾರ್ನಿನ ಸದ್ದು ಮಾಡಿದ. "ಪೋಂ! ಪೋಂ ಪೋಂ!" ತಾನು ಬಂದೆನೆಂದು ಅವಳಿಗೆ ಗೊತ್ತಾಗಲಿ, ತಿರುಗಿ ನೋಡಲಿ ಎಂದು. ಅವಳು ತಿರುಗಲಿಲ್ಲ. ಮೆಟ್ಟಿಲ ಮೇಲೆ ಕಣ್ಣು ತೆರೆದುಕೊಂಡೇ ಬಿದ್ದಿದ್ದಳು.

ಸುಕೃತಾ ಟೀವಿ ಆರಿಸಿದಳು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದಳು. ಅವನ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದಳು. ಅಚ್ಚು ಅಂದರೇನು, ಒತ್ತಿದ ಬೆರಳು ಯಾರದು. ಅಪ್ಪ ಆರಿದ ಟೀವಿಯ ಕಡೆ ನೋಡಿದ.

"ಇನ್ನೂ ಎಷ್ಟ ಸಿನಿಮಾದಾಗ ಹಿಂಗ ಸಾಯ್ತಾಳು?"

"ಗೊತ್ತಿಲ್ಲಪ್ಪಾ. ಭಾಳ ಅದಾವು."

"ಜನ ದಿನಾ ನೋಡತಾರೇನು?"

"ಹೂಂ."

"ಅಂದ್ರ ದಿನಾ ಹೊಡೀತಾರ." ಅಪ್ಪ ಅಂಗೈಯಿಂದ ಬಾಯೊರೆಸಿಕೊಂಡ. "ತಗದುಬಿಡವಾ ಆಕಿನ್ನ. ನನಗ ನಗೂನೂ ಬ್ಯಾಡ, ಏನೂ ಬ್ಯಾಡ. ಬಿಡಿಸ್ಕೊಂಡು ಬಾ."

ಮರುದಿನ ಬೆಳಿಗ್ಗೆ ಸುಕೃತಾ ಡೆಲ್ರಾಯ್ ಮುಂದೆ ನಿಂತು ನಿಜ ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಚ್ಚನ್ನ ತೆಗೀಬಹುದು," ಎಂದ. "ಜಾಗ ಖಾಲಿ ಬಿಡೋ ಹಾಗಿಲ್ಲ. ಸಾವಿರಾರು ಚಿತ್ರದಲ್ಲಿ ತೂತು ಬೀಳುತ್ತೆ. ಬೇರೆ ಮುಖ ಕೊಟ್ಟರೆ ಮಾತ್ರ ಹೊಂದಿಕೆ ಇದನ್ನ ಬಿಡುತ್ತೆ."

"ಹಳಬರಲ್ಲಿ ಯಾರಾದರೂ..."

"ಹಳಬರು ಯಾರೂ ಇಲ್ಲ ಸುಕೀ. ನೀನೇ ಒತ್ತಿ ಎಲ್ಲರನ್ನೂ ಅಳಿಸಿದ್ದೀಯ." ಅವನು ಕೋಣೆಯ ತುದಿಯ ಬಿಳಿ ಪರದೆಯ ಗೂಡಿನ ಕಡೆ ನೋಡಿದ. "ಜೀವಂತ ಇರೋರು ಬಂದು ಅಲ್ಲಿ ನಿಲ್ಲಬೇಕು. ನಿಂತ ಮೇಲೆ ಆ ಮುಖ ಅವರದಲ್ಲ, ಕಂಪನಿಯದು. ವಾಪಸ್ ಕೊಡಲ್ಲ. ಯಾರನ್ನ ಕರೆತರ್ತೀಯ?"

ಕರೆದರೆ ಹರ್ಬನ್ಸ್ ಕೌರ್ ಓಡಿಬರುತ್ತಾಳೆ, ಕುಣಿತ ವಾಪಸ್ ಸಿಗುತ್ತದೆಂದು ಹೊಸ ದುಪಟ್ಟಾ ಹೊದ್ದುಕೊಂಡೇ ಬರುತ್ತಾಳೆ. ಅವಳನ್ನು ಆ ಮೆಟ್ಟಿಲ ಮೂಲೆಗೆ ಕಳಿಸುವುದು ಹೇಗೆ? ಬೀದಿಯಲ್ಲಿ ಹೋಗುವ ಯಾವ ಹೆಂಗಸಿನ ಕೈಹಿಡಿದು, ನನ್ನ ಅವ್ವನ ಬದಲು ನೀನು ಹೊಡೆಸಿಕೋ ತಾಯಿ ಎನ್ನುವುದು?

"ನಾನೇ ನಿಲ್ತೀನಿ," ಎಂದಳು ಸುಕೃತಾ.

"ತಲೆ ಕೆಟ್ಟಿದೆಯಾ? ಇವತ್ತು ಸಂಜೆಯಿಂದ ಇಡೀ ದೇಶ ನೀನು ಸಾಯೋದನ್ನ ನೋಡುತ್ತೆ. ಬಸ್ಸಲ್ಲಿ ಪಕ್ಕದಲ್ಲಿ ಕೂತವರು ಎದ್ದು ಹೋಗ್ತಾರೆ."

"ಹೋದರೆ ಕಿಟಕಿ ಪಕ್ಕದ ಸೀಟು ನನಗೆ," ಎಂದು ನಗಲು ನೋಡಿದಳು. ಡೆಲ್ರಾಯ್ ನಗಲಿಲ್ಲ.

ಗೂಡಿನೊಳಗೆ ಬೆಳಕು ಹಾಲಿನ ಹಾಗೆ ಸುರಿಯುತ್ತಿತ್ತು. ಯಂತ್ರದ ದನಿ ಮೃದುವಾಗಿತ್ತು. ಬಲಕ್ಕೆ ತಿರುಗಿ. ಎಡಕ್ಕೆ. ನಗಿ. ಸುಕೃತಾ ನಕ್ಕಳು, ಅವ್ವನ ನಗುವಿನ ಹತ್ತಿರಕ್ಕೂ ಅದು ಬರಲಿಲ್ಲ. ಅಳಿ ಎಂದಿತು. ಅದಕ್ಕೆ ಕಷ್ಟವಾಗಲಿಲ್ಲ. ಕಿರುಚಿ ಎಂದಾಗ ಅವಳಿಂದ ಕಿರುಚಲಾಗಲಿಲ್ಲ. ಪರವಾಗಿಲ್ಲ, ಅದನ್ನು ನಾವು ಹೊಂದಿಸಿಕೊಳ್ಳುತ್ತೇವೆ ಎಂದಿತು ಯಂತ್ರ.

ಹೊರಗೆ ಬಂದರೆ ಅವಳ ಮೇಜಿನ ಪರದೆಯ ಮೇಲೆ ಇಬ್ಬರೇ. ಈ ಕಡೆ ತಾನು. ಆ ಕಡೆ ಎಲೆಕೋಸಿನ ಚೀಲ ಹಿಡಿದ ಅವ್ವ, ಈಗ ತನಗಿಂತ ಎಷ್ಟೋ ಚಿಕ್ಕವಳು, ಅಪ್ಪನ ಹಾರ್ನಿಗೆ ತಿರುಗಿ ನಗುತ್ತಿದ್ದಾಳೆ. ಸುಕೃತಾ ಆ ನಗು ಇನ್ನೊಂದು ಸುತ್ತು ಬರಲಿ ಎಂದು ಕಾದಳು. ಮತ್ತೊಂದು ಸುತ್ತು. ಡೆಲ್ರಾಯ್ ಎದ್ದು ಹೊರಗೆ ಹೋದ. ಅವಳು ತನ್ನ ಮುಖದ ಮೇಲೆ ಬೆರಳಿಟ್ಟು ಒತ್ತಿದಳು. ಅವ್ವ ಒಡೆದುಹೋದಳು.

ಮನೆಗೆ ಬಂದಾಗ ಬಾಗಿಲು ಬರೀ ಮುಂದೆ ಹಾಕಿತ್ತು. ಒಳಗಿಂದ ಟೀವಿಯ ಸದ್ದು. ಹೆಂಡತಿ ಬಿಡುಗಡೆಯಾದಳೋ ಇಲ್ಲವೋ ಎಂದು ತಿಳಿಯಲು ಅಪ್ಪ ಅದೇ ಚಿತ್ರ ಹಾಕಿಕೊಂಡು ಕೂತಿದ್ದ. ಸುಕೃತಾ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಬೋಳುತಲೆಯ ಹುಡುಗರ ನಡುವೆ, ಮೆಟ್ಟಿಲ ಮೂಲೆಯಲ್ಲಿ, ಕೋಟು ತೊಟ್ಟ ತಾನು. ಬೂಟು ಮುಖದ ಮೇಲೆ ಬಿತ್ತು.

ಅಪ್ಪ ಕೂಗಲಿಲ್ಲ. ಅವನ ಬಾಯಿ ತೆರೆದೇ ಇತ್ತು. ಹೆಜ್ಜೆ ಸದ್ದಿಗೆ ತಿರುಗಿ, ಬಾಗಿಲಲ್ಲಿ ನಿಂತ ಮಗಳನ್ನು ಕಂಡ. ಟೀವಿಯ ಕಡೆ ನೋಡಿದ, ಮತ್ತೆ ಅವಳನ್ನು ನೋಡಿದ. ಎದ್ದು, ಕುರ್ಚಿಯನ್ನು, ಮೇಜನ್ನು ಹಿಡಿದುಕೊಂಡು ಬಂದು ಅವಳ ಕೆನ್ನೆ ಮುಟ್ಟಿದ. ಬೂಟು ಬಿದ್ದ ಜಾಗವನ್ನು ಹುಡುಕುವವನ ಹಾಗೆ ಹೆಬ್ಬೆರಳಿಂದ ಸವರಿದ.

"ಭಾಳ ನೋವಾತೇನವಾ?"

ಇಲ್ಲಪ್ಪಾ, ನಾನು ಇಲ್ಲೇ ಇದ್ದೀನಲ್ಲ, ನೋಡು ಎನ್ನಲು ಸುಕೃತಾ ಬಾಯಿ ತೆರೆದಳು. ಅಷ್ಟರಲ್ಲಿ ಅವಳು ಯಾವತ್ತೂ ಕಿರುಚದ ಕಿರುಚು, ಅವಳದೇ ದನಿಯಲ್ಲಿ, ಟೀವಿಯೊಳಗಿಂದ ಬಂತು.

ಅಪ್ಪ ಅವಳ ಕೆನ್ನೆಯಿಂದ ಕೈ ತೆಗೆದು, "ಬಂದೆನವಾ, ಬಂದೆ!" ಎನ್ನುತ್ತ ಆ ಕಡೆ ಓಡಿದ.